ಆಯಿಯ ಹೊಸ್ತಿಲು ಮತ್ತು ವಿಲಾಯತಿ ಬದನೆ

ಟಮಾಟಿ ಇಲ್ಲದೆ ಸಾರು ಆಗುವುದೇ ಇಲ್ಲ ಎನ್ನುವ ನನ್ನ ಮೊಮ್ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ನಾನು ಹತ್ತು ವರ್ಷದವಳಿದ್ದ ಆ ದಿನಗಳಲ್ಲಿ, ನಿಜಾಮರ ಆಳ್ವಿಕೆಯಲ್ಲಿ, ಕಲಬುರಗಿಯ ಶಹಾಬಜಾರದ ನಮ್ಮ ಓಣಿಯ ಯಾವ ಒಲೆಯ ಮೇಲೂ ಟಮಾಟಿ ಬೆಂದಿರಲಿಲ್ಲ. ಅದನ್ನು ಟಮಾಟಿ ಎಂದು ಕರೆಯುತ್ತಲೂ ಇರಲಿಲ್ಲ, ವಿಲಾಯತಿ ಬದನಿಕಾಯಿ ಎನ್ನುತ್ತಿದ್ದರು. ದೊಡ್ಡ ಸಾಹೇಬರ ಬಂಗಲೆಗಳಲ್ಲಿ ಬೆಳೆಯುತ್ತದಂತೆ, ಹಸಿಯಾಗಿಯೇ ಹೆಚ್ಚಿಕೊಂಡು ತಿನ್ನುತ್ತಾರಂತೆ ಎಂದು ಓಣಿಯ ಹೆಂಗಸರು ಮೂಗು ಮುರಿಯುತ್ತಿದ್ದರು. ನಮಗೆ ಹುಳಿ ಬೇಕೆಂದರೆ ಹುಣಸೆಹಣ್ಣಿತ್ತು, ಪುಂಡಿಪಲ್ಯವಿತ್ತು, ಬೇಸಿಗೆಯಲ್ಲಿ ಮಾವಿನಕಾಯಿ ಇತ್ತು. ಆ ಓಣಿಗೆ ಆ ಹಣ್ಣನ್ನು ತಂದವಳು ನಾನು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಎಂಬತ್ತು ದಾಟಿದ ಮೇಲೆ ಸಂಕೋಚ ಇಟ್ಟುಕೊಂಡು ಏನು ಮಾಡಲಿ.

ನಮ್ಮ ಮನೆಯಲ್ಲಿ ಅಪ್ಪ ಕಾಳಿನ ವ್ಯಾಪಾರ ಮಾಡುತ್ತಿದ್ದ, ಅವ್ವ ಅಡಿಗೆ ಮಾಡುತ್ತಿದ್ದಳು, ಅಪ್ಪನ ತಾಯಿ, ನಮ್ಮ ಆಯಿ, ಮೂಸುತ್ತಿದ್ದಳು. ತಮಾಷೆಗೆ ಹೇಳುತ್ತಿಲ್ಲ. ಲಿಂಗಪೂಜೆ ಆಗುವ ಮುಂಚೆ ಅಡಿಗೆಯ ರುಚಿ ನೋಡಿದರೆ ಎಂಜಲಾಗುತ್ತದೆ ಎಂಬುದು ನಮ್ಮ ಮನೆಯ ಕಟ್ಟು. ಹೀಗಾಗಿ ಆಯಿ ಕುದಿಯುವ ಗಡಿಗೆಯ ಮುಂದೆ ನಿಂತು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು, "ಹುಣಸಿ ಇನ್ನ ಬಿಟ್ಟಿಲ್ಲ, ಒಂದು ಕುದಿ ಬರಲಿ" ಎನ್ನುತ್ತಿದ್ದಳು. ತಪ್ಪಿದ್ದನ್ನು ನಾನು ಕಾಣೆ. ಕರಬೂಜದ ಹಣ್ಣನ್ನು ತೊಟ್ಟಿನ ಹತ್ತಿರ ಮೂಸಬೇಕು, ತುಪ್ಪವನ್ನು ಅಂಗೈ ಹಿಂದೆ ಸವರಿಕೊಂಡು ಮೂಸಬೇಕು ಎಂದು ನನಗೆ ಕಲಿಸಿದವಳು ಅವಳೇ. ಊಟಕ್ಕೆ ಕೂತಾಗ ಮಾತ್ರ ಆಯಿ ಯಾವುದನ್ನೂ ಹೊಗಳುತ್ತಿರಲಿಲ್ಲ. ಸೇರದ್ದನ್ನು ಸುಮ್ಮನೆ ತಾಟಿನ ಅಂಚಿಗೆ ಸರಿಸುತ್ತಿದ್ದಳು. ಬಹಳ ಸೇರಿತೋ, "ಉಪ್ಪು ಒಂದು ಹರಳು ಕಮ್ಮಿ ಆಗ್ಯಾದ" ಎಂದು ತಪ್ಪು ತೆಗೆದು, ಮತ್ತೊಂದು ಸೌಟು ಹಾಕಿಸಿಕೊಳ್ಳುತ್ತಿದ್ದಳು. ಆ ಒಂದು ತಪ್ಪಿಗಾಗಿ ಅವ್ವ ವಾರಗಟ್ಟಲೆ ಕಾಯುತ್ತಿದ್ದಳು.

ನಮ್ಮ ಹಿತ್ತಲಿನ ಗೋಡೆಯೂ ಆಯಿಯದೇ. ಹೀರೆ, ಅವರೆ, ಬದನೆ, ಯಾವುದೇ ಇರಲಿ, ಬೀಜಕ್ಕೆಂದು ಬಿಟ್ಟ ಹಣ್ಣಿನ ಬೀಜ ತೆಗೆದು, ಸಗಣಿ ಮತ್ತು ಬೂದಿಯಲ್ಲಿ ಕಲಸಿ, ಬಿಲ್ಲೆ ಮಾಡಿ ಆ ಗೋಡೆಗೆ ಒತ್ತುತ್ತಿದ್ದಳು. ಪ್ರತಿ ಬಿಲ್ಲೆಯ ಮೇಲೆ ಸುಣ್ಣದ ಬೊಟ್ಟು: ಹೀರೆಗೆ ಒಂದು, ಅವರೆಗೆ ಎರಡು, ಬದನೆಗೆ ಮೂರು. ಮುಂದಿನ ಮಳೆಗಾಲದವರೆಗೆ ಹುಳ ಮುಟ್ಟುತ್ತಿರಲಿಲ್ಲ. ಆ ಗೋಡೆ ಹತ್ತಿದ್ದು ನಮ್ಮ ಮನೆಯ ತರಕಾರಿ, ಹತ್ತದ್ದು ಹೊರಗಿನದು, ಅಷ್ಟು ಸರಳ ಲೆಕ್ಕ.

ಓಣಿಯ ತುದಿಯಲ್ಲಿ ದಾವಲಸಾಬ ಎಂಬ ಮಾಲಿ ಇದ್ದ. ಒಂದು ಬಂಗಲೆಯ ತೋಟ ನೋಡಿಕೊಳ್ಳುತ್ತಿದ್ದ. ಆ ವರ್ಷ ಪಂಚಮಿಯ ಹಿಂದಿನ ದಿನ, ಅವನು ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಸಸಿಗಳನ್ನು ಹಿಡಿದು ನಮ್ಮ ಮನೆ ಮುಂದೆ ಹೋಗುವಾಗ ನಾನು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ.

"ಕಾಕಾ, ಅವು ಏನ್ರಿ?"

"ವಿಲಾಯತಿ ಬದನಿ, ಬೇಟಿ. ಪಾತಿ ತುಂಬಿ ಮಿಕ್ಕ್ಯಾವ. ಒಗೀಲಾಕ ಮನಸ್ಸ ಬರವಲ್ದು."

ನಾನು ಕೈ ಚಾಚಿದೆ. ಅವನು ನಕ್ಕು ಮೂರು ಕಟ್ಟು ಕೊಟ್ಟ. ಮೂರೂ ಬೇರೆ ಬೇರೆ ಜಾತಿ ಎಂದ. ಒಂದು ಮುಷ್ಟಿಗಿಂತ ದೊಡ್ಡದಾಗುತ್ತದೆ, ಮೈಮೇಲೆ ಕುಂಬಳಕಾಯಿಯ ಹಾಗೆ ಗೆರೆ ಇರುತ್ತವೆ. ಇನ್ನೊಂದು ಗುಂಡಗೆ, ನುಣ್ಣಗೆ. ಮೂರನೆಯದು ಬೋರೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಗೊಂಚಲು ಗೊಂಚಲಾಗಿ ಬಿಡುತ್ತದೆ. "ಈ ಸಣ್ಣದು ಸುಮ್ನ ತಾನ ಹುಟ್ತದ. ಬಂಗ್ಲೆದಾಗ ಇದನ್ನ ಯಾರೂ ಕೇಳಂಗಿಲ್ಲ, ಕಿತ್ತು ಒಗೀತೀವಿ. ದೊಡ್ಡದನ್ನ ಜ್ವಾಕಿ ಮಾಡು" ಎಂದು ಹೇಳಿ ಹೋದ.

ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದು ತುಂಡು ಜಾಗ ಖಾಲಿ ಇತ್ತು. ಪೂಜೆಗೆಂದು ಅಲ್ಲಿ ಕಣಗಿಲ ಹೂವಿನ ಗಿಡ ಹಚ್ಚಬೇಕೆಂದು ಆಯಿ ಗುರುತು ಮಾಡಿಟ್ಟಿದ್ದಳು. ನಾನು ಕೇಳದೆ ಕೆದರಿ ಸಸಿ ಊರಿದೆ. ಉಳಿದ ಸಸಿಗಳನ್ನು ಪಂಚಮಿಗೆ ತವರಿಗೆ ಬಂದಿದ್ದ ನಮ್ಮತ್ತಿ, ಅಂದರೆ ಅಪ್ಪನ ತಂಗಿ, ತನ್ನೂರು ಕಮಲಾಪುರಕ್ಕೆ ಒಯ್ದಳು. ಅವರದು ಕೆಂಪು ಬಾಳೆಯ ತೋಟ, ನೀರಿಗೆ ಬರವಿರಲಿಲ್ಲ.

ಆಯಿ ಸಸಿಗಳನ್ನು ನೋಡಿದಳು. ಎಲೆಯೊಂದನ್ನು ಹಿಸುಕಿ ಮೂಸಿದಳು. "ವಾಸನಿ ಅಂತೂ ಅದ" ಎಂದು ಬೆರಳು ಒರೆಸಿಕೊಂಡಳು. "ಎಳ್ಳಾಮಾಸಿ ತನಕಾ ಇಟ್ಕೊ. ಅಷ್ಟರಾಗ ಮನಿಗೆ ಉಪಯೋಗ ಬಂತೋ ಇರಲಿ. ಇಲ್ಲಂದ್ರ ನಾನ ಕಿತ್ತು ಕಣಗಿಲ ಹಚ್ತೀನಿ."

ಎಳ್ಳಾಮಾಸಿ ಎಂದರೆ ಎಳ್ಳು ಅಮಾವಾಸ್ಯೆ, ಚಳಿಗಾಲದ ನಡುವೆ ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಐದು ತಿಂಗಳಿತ್ತು. ಹತ್ತು ವರ್ಷದವಳಿಗೆ ಐದು ತಿಂಗಳೆಂದರೆ ಕೊನೆಯಿಲ್ಲದ ಕಾಲ, ನಾನು ಆಗಲೇ ಗೆದ್ದವಳಂತೆ ಕುಣಿದೆ.

ಗಿಡಗಳು ಚೆನ್ನಾಗಿಯೇ ಎದ್ದವು. ದಸರೆಯ ಹೊತ್ತಿಗೆ ಹಸಿರು ಕಾಯಿ ಜೋತಾಡುತ್ತಿದ್ದವು. ಇಲ್ಲಿಯೇ ನಾವು ಎಡವಿದ್ದು. ಹೆಸರು ಬದನೆ, ಎಲೆಯೂ ಬದನೆಯ ಬಳಗದ್ದೇ. ಬದನೆಯನ್ನು ಎಳೆಯದಾಗಿದ್ದಾಗಲೇ ಕೊಯ್ಯಬೇಕು, ಬಣ್ಣ ತಿರುಗಿತೆಂದರೆ ಅದು ಬೀಜಕ್ಕೆ ಬಿಟ್ಟ ಹಾಗೆ. ಇದು ನಮ್ಮ ಕಡೆಯ ಕೂಸಿಗೂ ಗೊತ್ತು. ಹೀಗಾಗಿ ನಾನೂ ಅವ್ವನೂ ಗಟ್ಟಿ ಹಸಿರು ಕಾಯಿಗಳನ್ನು ಬುಟ್ಟಿ ತುಂಬ ಕೊಯ್ದೆವು. ಅವ್ವ ನಾಲ್ಕು ಸೀಳು ಮಾಡಿ, ಶೇಂಗಾ, ಎಳ್ಳು, ಗುರೆಳ್ಳಿನ ಪುಡಿ ತುಂಬಿ, ಎಣ್ಣೆ ಹಿಂದುಮುಂದು ನೋಡದೆ ಸುರಿದು ಎಣಗಾಯಿ ಮಾಡಿದಳು.

ಅಪ್ಪ ಒಂದು ತುತ್ತು ಬಾಯಿಗಿಟ್ಟು, ನನ್ನ ಮುಖ ನೋಡಿ, ನುಂಗಿದ. ಅದು ಅವನ ದೊಡ್ಡತನ. ಅವ್ವ ನುಂಗಲಿಲ್ಲ. ಒಗರು, ಹುಳಿ, ಅದರ ಮೇಲೆ ಹಸಿ ಎಲೆಯ ನಾತ. ಆಯಿ ಮುಟ್ಟಲೇ ಇಲ್ಲ.

"ಇದಕ್ಕಿಂತ ಬೇವಿನಕಾಯಿ ಪಲ್ಯ ಮಾಡಬಹುದಿತ್ತು" ಎಂದಳು.

ನಾನು ಅಳುತ್ತಾ ದಾವಲಸಾಬನ ಮನೆಗೆ ಓಡಿದೆ. ಅವನು ಇಡೀ ಕಥೆ ಕೇಳಿ, ಹಣೆ ಹಿಡಿದುಕೊಂಡು ನಕ್ಕ. "ಅರೆ ಬೇಟಿ, ಹಣ್ಣಾಗಗೊಡಬೇಕವಾ. ಕೆಂಪಗ ಆದ ಮ್ಯಾಲ ಅದರ ಖರೆ ರುಚಿ."

ಹಣ್ಣಾಗಗೊಟ್ಟೆವು. ದೀಪಾವಳಿಗೆ ಹಿತ್ತಲು ಕೆಂಪಾಯಿತು. ಹೊಸ ತೊಂದರೆ ಶುರುವಾದದ್ದೂ ಆಗಲೇ. ನಾನು ಗೆರೆಯ ದೊಡ್ಡ ಹಣ್ಣೊಂದನ್ನು ಕೊಯ್ದು ಆಯಿಯ ಮುಂದೆ ಹಿಡಿದೆ. ಅದು ಮಾಗಿ ಒಂದು ಕಡೆ ಒಡೆದು, ಒಳಗಿನ ತಿರುಳು ಕಾಣುತ್ತಿತ್ತು. ಆಯಿ ಸೆರಗು ಮೂಗಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಮಾಂಸ ಕಂಡಂಗ ಕಾಣ್ತದ. ಇದು ನನ್ನ ಅಡಗಿಮನಿ ಹೊಸ್ತಿಲಾ ದಾಟಬಾರದು."

"ಕಮಲಾಪುರದ ಬಾಳಿಹಣ್ಣೂ ಕೆಂಪಗ ಅದಲ್ಲ ಆಯಿ. ಅದನ್ನ ಪೂಜಿಗೆ ಇಡ್ತಿ."

"ಅದು ಒಳಗ ಬೆಳ್ಳಗ ಅದ. ಇದು ಒಳಗೂ ಕೆಂಪು."

ಆ ಸುತ್ತು ಆಯಿ ಗೆದ್ದಳು. ನಾನು ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಕೇಳಿದೆ, "ಮತ್ತ ಕಲ್ಲಂಗಡಿ?"

"ಎದುರು ಮಾತಾಡೋದು ಯಾರು ಕಲಿಸ್ಯಾರ ನಿಂಗ?" ಎಂದು ಆಯಿ ಎದ್ದು ಹೋದಳು. ಆದರೆ ಎದ್ದು ಹೋದ ಮಾತ್ರಕ್ಕೆ ಆಯಿ ಸೋತಳೆಂದು ತಿಳಿಯುವಷ್ಟು ದಡ್ಡಿ ನಾನಾಗಿರಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ಹಣ್ಣಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಹಿತ್ತಲಲ್ಲಿ ಉಪ್ಪು ಹಚ್ಚಿಕೊಂಡು ಮೂರನ್ನೂ ತಿಂದು ನೋಡಿದ್ದೆ. ಗೆರೆಯದು ನೋಡಲು ರಾಜ, ಬಾಯಲ್ಲಿ ಬರೀ ನೀರು. ಗುಂಡನೆಯದು ಸಪ್ಪೆ. ಸಣ್ಣದರಲ್ಲಿ ಏನೋ ಒಂದು ಇತ್ತು, ಆದರೆ ದೂರದಿಂದ ಕೂಗಿದ ಹಾಗೆ, ಸ್ಪಷ್ಟವಿಲ್ಲ. ಆಯಿ ಕಲಿಸಿದಂತೆ ತೊಟ್ಟಿನ ಹತ್ತಿರ ಮೂಸಿದೆ. ಮೊದಲೆರಡರಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ ಸ್ವಲ್ಪ. ಇನ್ನಷ್ಟು ಚೆನ್ನಾಗಿ ಬರಲಿ ಎಂದು ನಾನು ಇನ್ನಷ್ಟು ನೀರು ಹಾಕಿದೆ. ವಾಸನೆ ಇನ್ನೂ ಕಡಿಮೆಯಾಯಿತು.

ಆ ವಾರ ಅಪ್ಪ ತೊಗರಿ ಬೆಳೆ ನೋಡಲು ಕಮಲಾಪುರದ ಕಡೆ ಹೊರಟ. ನಾನು ಹಟ ಹಿಡಿದು ಬಂಡಿ ಹತ್ತಿದೆ. ಮಹಾಗಾಂವದಲ್ಲಿ ಎತ್ತು ಬಿಚ್ಚಿ, ಕಟಕ ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿಕೊಂಡು ತಿಂದು, ಇಳಿಹೊತ್ತಿಗೆ ನಮ್ಮತ್ತಿಯ ಮನೆ ಮುಟ್ಟಿದೆವು. ನಾನು ಕಾಲು ತೊಳೆಯುವ ಮುಂಚೆ ತೋಟಕ್ಕೆ ಓಡಿದೆ.

ನಮ್ಮತ್ತಿ ಒಳ್ಳೆಯ ಸಸಿಗಳನ್ನೆಲ್ಲ ಬಾಳೆಯ ಕಾಲುವೆಯ ದಂಡೆಗೆ ಹಚ್ಚಿದ್ದಳು. ಅವು ನನ್ನೆತ್ತರಕ್ಕೆ ಬೆಳೆದು ನಿಂತಿದ್ದವು. ಹಣ್ಣು ಮುರಿದು ತಿಂದೆ, ನಮ್ಮ ಬಚ್ಚಲದ ಹಣ್ಣಿನ ಅಣ್ಣತಮ್ಮಂದಿರೇ. ನನ್ನ ಮುಖ ನೋಡಿ ನಮ್ಮತ್ತಿ, "ಆ ಕಡಿ ಬದುವಿನ ಮ್ಯಾಲ ಇನ್ನ ನಾಕು ಅವ ನೋಡು. ಬಾಡಿದ್ದ ಸಸಿ ಅಂತ ಒಗದಿದ್ದೆ, ತಾವ ಬೇರು ಬಿಟ್ಟಾವ. ಅವಕ್ಕ ಯಾರೂ ನೀರು ಹಾಕಿಲ್ಲ" ಎಂದಳು.

ಬದು ಎಂದರೆ ಬರೀ ಕಲ್ಲು, ಕೆಂಪು ಮಣ್ಣು. ಅಲ್ಲಿ ದೊಡ್ಡ ಜಾತಿಯವು ಒಣಗಿ ಕಡ್ಡಿಯಾಗಿದ್ದವು. ಸಣ್ಣ ಜಾತಿಯ ನಾಲ್ಕು ಗಿಡ ಮಾತ್ರ ನೆಲಕ್ಕೆ ಅಂಟಿಕೊಂಡು, ಎಲೆ ಮುದುಡಿಕೊಂಡು ಬದುಕಿದ್ದವು. ಹಣ್ಣು ಬೆರಳೆಣಿಕೆಯಷ್ಟು, ಸಿಪ್ಪೆ ದಪ್ಪ. ಒಂದನ್ನು ಕಿತ್ತು ತೊಟ್ಟಿನ ಹತ್ತಿರ ಮೂಗಿಟ್ಟೆ.

ಆ ವಾಸನೆಯನ್ನು ಹೇಗೆ ಹೇಳಲಿ. ಹುಣಸೆ ಕುದಿಯುವಾಗಿನ ಹುಳಿ, ಆಗ ತಾನೆ ಬಿಸಿಲಲ್ಲಿ ಕಾದ ಎಲೆ, ಅದರ ಹಿಂದೆ ಬೆಲ್ಲದ ಕಡೆಗೆ ಹೋಗುವ ಒಂದು ಸಿಹಿ. ಬಾಯಿಗೆ ಹಾಕಿಕೊಂಡೆ. ನನಗೆ ಗೊತ್ತಾಯಿತು. ಜಾತಿಯೂ ಇದೇ, ಉಪಾಯವೂ ಇದೇ. ಬೆಳೆಸಿದ ಮಾಲಿಗೆ ಗೊತ್ತಿರಲಿಲ್ಲ, ಬಂಗಲೆಯ ಅಡಿಗೆಯವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಾಯಿತು. ಬದುವಿನ ಮೇಲೆ ಒಬ್ಬಳೇ ನಿಂತು ನಕ್ಕೆ.

ಊರಿಗೆ ಬಂದವಳೇ ಗೆರೆಯ ಗಿಡಗಳನ್ನೂ ಗುಂಡನೆಯವನ್ನೂ ನನ್ನ ಕೈಯಾರೆ ಕಿತ್ತೆ. ದಾವಲಸಾಬ ಕೇಳಿ ತಲೆ ಚಚ್ಚಿಕೊಂಡ. ಬಚ್ಚಲ ನೀರು ಬೇರೆ ಕಡೆ ಹರಿಯುವಂತೆ ಮಣ್ಣಿನ ಒಡ್ಡು ಹಾಕಿದೆ. ಉಳಿದ ಸಣ್ಣ ಜಾತಿಯ ಗಿಡಗಳಿಗೆ ನೀರು ನಿಲ್ಲಿಸಿದೆ. ಎಲೆ ಜೋತುಬಿದ್ದರೆ ಮಾತ್ರ ಒಂದು ತಂಬಿಗೆ, ಅದೂ ಮುಂಜಾನೆ. ಗಿಡಗಳು ಬಾಡಿ, ಕೆಳಗಿನ ಎಲೆ ಹಳದಿಯಾಗಿ, ನೋಡಿದವರೆಲ್ಲ ಅಯ್ಯೋ ಎನ್ನುವ ಹಾಗಾದವು.

"ಕೊಲ್ಲಾಕತ್ತೀ ಏನು ಅವನ್ನ?" ಎಂದಳು ಅವ್ವ.

"ಕೊಲ್ಲಾಕತ್ತಿಲ್ಲವ್ವಾ. ರುಚಿ ಬರ್ಸಾಕತ್ತೀನಿ."

ಆಯಿ ಕಣಗಿಲ ಕಡ್ಡಿಗಳನ್ನು ತರಿಸಿ, ಒದ್ದೆ ಅರಿವೆ ಸುತ್ತಿ, ಬಾವಿಯ ಕಟ್ಟೆಯ ಮೇಲೆ ಇಟ್ಟಳು. ಎಳ್ಳಾಮಾಸಿಗೆ ನಾಲ್ಕು ದಿನ ಉಳಿದಿತ್ತು. ಆ ಕಡ್ಡಿಗಳನ್ನು ನೋಡಿದಾಗಲೆಲ್ಲ ನಾನು ಹೋಗಿ ಗಿಡದ ಹಣ್ಣು ಎಣಿಸುತ್ತಿದ್ದೆ. ಹಬ್ಬಕ್ಕೆ ಕಮಲಾಪುರಕ್ಕೆ ಹೊರಡುವ ದಿನ ಗಿಡದಲ್ಲಿ ಪೂರಾ ಮಾಗಿದ್ದ ಹಣ್ಣನ್ನೆಲ್ಲ ಕೊಯ್ದು, ಒಂದೊಂದನ್ನೂ ಮೂಸಿ, ವಾಸನೆ ಇಲ್ಲದ್ದನ್ನು ಬಿಟ್ಟು, ಉಳಿದದ್ದನ್ನು ಅರಿವೆಯಲ್ಲಿ ಕಟ್ಟಿಕೊಂಡೆ. ಬಂಡಿಯಲ್ಲಿ ಆ ಗಂಟು ನನ್ನ ತೊಡೆಯ ಮೇಲೇ ಇತ್ತು. ಆಯಿ ಎದುರಿಗೆ ಕೂತು ಅದನ್ನು ನೋಡಿಯೂ ನೋಡದವಳಂತೆ ಬಂದಳು.

ನಮ್ಮತ್ತಿಯ ಮನೆಯವರು ಎಳ್ಳಾಮಾಸಿಯ ಭಜ್ಜಿಯನ್ನು, ಅಂದರೆ ಕಾಳು ತರಕಾರಿ ಎಲ್ಲ ಕೂಡಿಸಿದ ಪಲ್ಯವನ್ನು, ಹೊಲದಲ್ಲೇ ಬೇಯಿಸುವವರು. ಸಜ್ಜಿ ಕಡಬು, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಮನೆಯಿಂದ ಬುಟ್ಟಿಯಲ್ಲಿ ಬಂದವು. ಮರದ ಕೆಳಗೆ ಮೂರು ಕಲ್ಲು ಹೂಡಿ ದೊಡ್ಡ ಗಡಿಗೆ ಏರಿಸಿದರು. ಹಸಿ ತೊಗರಿ, ಅವರೆ, ಹಸಿ ಕಡಲೆ, ಮೆಂತ್ಯ, ಗಜ್ಜರಿ, ಬದನೆ, ಆ ಕಾಲಕ್ಕೆ ಹೊಲ ಹಿತ್ತಲು ಕೊಟ್ಟದ್ದೆಲ್ಲ ಭಜ್ಜಿಗೆ ಬೀಳಬೇಕು. ಹುಳಿಗೆ ಹುಣಸೆ. ನಮ್ಮತ್ತಿ ಹುಣಸೆಯ ನೀರು ಕಿವುಚುತ್ತಿದ್ದಾಗ ನಾನು ಹೋಗಿ ಗಂಟು ಬಿಚ್ಚಿದೆ.

"ಅದನ್ನ ಯಾಕ ಬಿಚ್ಚಿದಿ?" ಆಯಿಯ ದನಿ ಬೆನ್ನ ಹಿಂದೆ ಬಂತು. "ಹೊಸ್ತಿಲಾ ದಾಟಬಾರದು ಅಂದಿದ್ದೆ."

ನಾನು ಸುತ್ತ ನೋಡಿದೆ. ಮರ, ಕಲ್ಲು, ಜೋಳದ ಹೊಲ.

"ಇಲ್ಲಿ ಹೊಸ್ತಿಲಾ ಎಲ್ಲದ ಆಯಿ?"

ನಮ್ಮತ್ತಿ ಸೆರಗಿನೊಳಗೆ ಮುಖ ಹುದುಗಿಸಿದಳು. ಅಪ್ಪನಿಗೆ ಒಮ್ಮೆಲೇ ಎತ್ತಿನ ಕೊರಳಗಂಟೆಯಲ್ಲಿ ಏನೋ ಕೆಲಸ ನೆನಪಾಯಿತು. "ಸಣ್ಣ ಗಡಿಗ್ಯಾಗ ಬ್ಯಾರೆ ಮಾಡ್ಕೋರಿ. ನನಗಂತೂ ಬ್ಯಾಡ" ಎಂದು ಆಯಿ ಮರದ ಆ ಬದಿಗೆ ಹೋಗಿ ಕೂತಳು.

ಸಣ್ಣ ಗಡಿಗೆಯಲ್ಲಿ ಅದೇ ಭಜ್ಜಿ, ಹುಣಸೆಯ ಬದಲು ನನ್ನ ಹಣ್ಣು. ಕುದಿ ಬಂದಂತೆ ಬದುವಿನ ಮೇಲೆ ನಾನು ಮೂಸಿದ ವಾಸನೆ ಎದ್ದಿತು, ಈಗ ಹತ್ತು ಪಟ್ಟು. ಗಾಳಿ ಆಯಿ ಕೂತ ಕಡೆಗೇ ಬೀಸುತ್ತಿತ್ತು. ಅವಳ ತಲೆ ಸ್ವಲ್ಪ ಮೇಲೆದ್ದದ್ದನ್ನು ನಾನು ಕಂಡೆ.

ಅಡಿಗೆ ಆದ ಮೇಲೆ ಚರಗ. ಮಾಡಿದ ಪ್ರತಿಯೊಂದರಲ್ಲೂ ಸ್ವಲ್ಪ ಸ್ವಲ್ಪ ಬುಟ್ಟಿಗೆ ಹಾಕಿಕೊಂಡು, ಹೊಲದ ಸುತ್ತ ಚೆಲ್ಲುತ್ತಾ ಭೂಮಿತಾಯಿಗೆ ಉಣಿಸಬೇಕು. ಯಾವ ಗಡಿಗೆಯನ್ನೂ ಬಿಡುವಂತಿಲ್ಲ. ಮಾಮ, ಅಂದರೆ ನಮ್ಮತ್ತಿಯ ಗಂಡ, ದೊಡ್ಡ ಗಡಿಗೆಯಿಂದಲೂ ತೆಗೆದ, ಸಣ್ಣದರಿಂದಲೂ ತೆಗೆದ. ಸುತ್ತು ಹಾಕಿ ಬಂದು, ಬುಟ್ಟಿಯಲ್ಲಿ ಉಳಿದದ್ದನ್ನು ಪದ್ಧತಿಯಂತೆ ಎಲ್ಲರಿಗಿಂತ ಮೊದಲು ಮನೆಯ ಹಿರಿಯಳಿಗೆ ನೀಡಿದ. ಹಿರಿಯಳು ಆಯಿ.

ಆ ಬುಟ್ಟಿಯಲ್ಲಿ ನನ್ನ ಹಣ್ಣೂ ಇದೆ ಎಂಬುದು ನನಗೆ ಹೊಳೆದೇ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆಯಿಗೆ ಹೊಳೆಯಿತು. ಕೈಯಲ್ಲಿದ್ದ ಕಡಬಿನ ಚೂರಿಗೆ ಕೆಂಪು ರಸ ಹತ್ತಿತ್ತು. ಭೂಮಿತಾಯಿ ಉಂಡದ್ದನ್ನು ಒಲ್ಲೆ ಎನ್ನುವ ಹೆಂಗಸಲ್ಲ ಅವಳು, ಅದಕ್ಕಾಗಿ ಅವಳು ಬೇಕಾದರೆ ಬೇವನ್ನೂ ತಿಂದಾಳು. ಆದರೆ ಹಾಗೆ ತಿಂದರೆ ನಾನು ಗೆದ್ದಂತಾಗುತ್ತಿರಲಿಲ್ಲ.

ಆಯಿ ತುತ್ತನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಆಮೇಲೆ ಬಾಯಿಗಿಟ್ಟಳು. ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ ಅಗಿದಳು. ನುಂಗಿದಳು.

"ಉಪ್ಪು ಒಂದು ಹರಳು ಕಮ್ಮಿ ಆಗ್ಯಾದ" ಎಂದಳು ಆಯಿ. "ಆ ಸಣ್ಣ ಗಡಿಗಿ ಇತ್ತ ತಾ."

ಅವ್ವನಿಗೆ ಕಣ್ಣಲ್ಲಿ ನೀರು ಬಂತು. ನಾನು ಗಡಿಗೆ ತರಲು ಓಡಿ ಎಡವಿ, ಮೊಣಕಾಲು ತರಚಿಸಿಕೊಂಡೆ, ಅದು ನೋಯುತ್ತದೆ ಎಂದು ಸಂಜೆಯವರೆಗೆ ನೆನಪಾಗಲಿಲ್ಲ. ಆ ದಿನ ಆಯಿ ಮೂರು ಸಲ ಹಾಕಿಸಿಕೊಂಡಳು. ಕೊನೆಗೆ ಗಡಿಗೆಯ ತಳಕ್ಕೆ ಕಡಬು ಉಜ್ಜಿ ಒರೆಸಿದ್ದು ನಾನು.

ಮನೆಗೆ ಬಂದ ಮರುದಿನ ಆಯಿ ಬಾವಿಕಟ್ಟೆಯ ಮೇಲಿದ್ದ ಕಣಗಿಲ ಕಡ್ಡಿಗಳನ್ನು ಅಪ್ಪನ ಕೈಗೆ ಕೊಟ್ಟಳು. "ಮುಂದಿನ ಅಂಗಳದಾಗ ಹಚ್ಚು. ಹಿತ್ತಲ್ದಾಗ ಜಾಗಾ ಇಲ್ಲ." ನಂತರ ನನ್ನನ್ನು ಕರೆದಳು. ಒಂದು ಮುದ್ದೆ ಸಗಣಿ, ಪಕ್ಕದಲ್ಲಿ ಬೂದಿ, ಸುಣ್ಣದ ಚಿಪ್ಪು ಇಟ್ಟುಕೊಂಡು ಗೋಡೆಯ ಬುಡದಲ್ಲಿ ಕೂತಿದ್ದಳು.

"ಬೀಜಕ್ಕ ಯಾವ ಹಣ್ಣು ಬಿಡಬೇಕು, ನೀನ ಆರಿಸಿ ತಾ. ನನ್ನ ಮೂಗು ಇನ್ನ ಇದಕ್ಕ ಪಳಗಿಲ್ಲ."

ನಮ್ಮ ಓಣಿಯಲ್ಲಿ ಆಯಿಯ ಮೂಗಿಗಿಂತ ದೊಡ್ಡ ನ್ಯಾಯವಿರಲಿಲ್ಲ. ಅದು ನನ್ನ ಮೂಗಿಗೆ ದಾರಿ ಬಿಟ್ಟಿತ್ತು. ನಾನು ಗಿಡದಿಂದ ಗಿಡಕ್ಕೆ ಮೂಸುತ್ತಾ ಹೋಗಿ, ಬಾಡಿದ ಒಂದು ಗಿಡದ ಎರಡನೆಯ ಗೊಂಚಲಿನಿಂದ ಆರು ಹಣ್ಣು ತಂದೆ. ಆಯಿ ಅವನ್ನು ಹೊಸ್ತಿಲು ದಾಟಿಸಿ ಒಳಗೆ ಒಯ್ದಳು, ತೊಳೆದಳು, ಹೊರಗೆ ತಂದು ಬೀಜ ಬಿಡಿಸಿದಳು, ಬಿಲ್ಲೆ ತಟ್ಟಿ ಗೋಡೆಗೆ ಒತ್ತಿದಳು. ಸುಣ್ಣದ ಚಿಪ್ಪನ್ನು ನನ್ನ ಕಡೆಗೆ ಸರಿಸಿದಳು. ನಾಲ್ಕು ಬೊಟ್ಟು ಇಟ್ಟವಳು ನಾನು.

ಮುಂದಿನ ವರ್ಷ ಓಣಿಯ ಎಂಟು ಮನೆಗಳ ಹಿತ್ತಲಲ್ಲಿ ಅದು ಬೆಳೆಯಿತು. ನನ್ನ ಹೆಸರು ಹಚ್ಚಿ ಅದನ್ನು ನೀಲಾನ ಹಣ್ಣು ಎನ್ನುತ್ತಿದ್ದರು. ಅಳಿಯನ ಊಟಕ್ಕೆ, ಬಾಣಂತಿಯ ಸಾರಿಗೆ, ಬಾಯಿ ಕೆಟ್ಟ ಜ್ವರದವರಿಗೆ, "ನೀಲಾನ ಹಣ್ಣು ನಾಕು ಕೊಡ್ರಿ" ಎಂದು ಬರುತ್ತಿದ್ದರು. ದಾವಲಸಾಬ ಕೂಡ ಒಂದು ದಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದ. "ಬೇಟಿ, ನಾ ಒಗೀತಿದ್ದ ಬೀಜ ನಾಕು ವಾಪಸ್ ಕೊಡವಾ. ಬಂಗ್ಲೆದವರಿಗೂ ತಿಳೀಲಿ." ಆಯಿ ಒಳಗಿನಿಂದ, "ನೀರು ಕಮ್ಮಿ ಹಾಕು ಅಂತ ಹೇಳು ಅವ್ರಿಗೆ" ಎಂದಳು, ತಾನೇ ಕಂಡುಹಿಡಿದವಳ ಹಾಗೆ.

ಆಯಿ ಹೋಗಿ ಎಷ್ಟೋ ವರ್ಷವಾಯಿತು. ನಾನು ಮದುವೆಯಾಗಿ ಹೋಗುವಾಗ ಒಂದು ಬಿಲ್ಲೆ ಕಿತ್ತುಕೊಂಡೇ ಹೋದೆ. ಅಲ್ಲಿಯೂ ಬೆಳೆಸಿದೆ. ಆಮೇಲೆ ಒಂದು ವರ್ಷ ಬೀಜ ಒತ್ತಲಿಲ್ಲ. ತವರಿನಲ್ಲಿ ಇದ್ದೇ ಇರುತ್ತದೆ ಎಂದು ನಾನು ಸುಮ್ಮನಿದ್ದೆ, ನೀಲಾನ ಹತ್ತಿರ ಇದ್ದೇ ಇರುತ್ತದೆ ಎಂದು ತವರಿನವರು ಸುಮ್ಮನಿದ್ದರು. ಓಣಿಯ ಎಂಟು ಮನೆಗಳನ್ನೂ ಕೇಳಿ ಬಂದೆ. ಎಲ್ಲರಿಗೂ ಹಣ್ಣು ನೆನಪಿತ್ತು, ಬೀಜ ಯಾರ ಹತ್ತಿರವೂ ಇರಲಿಲ್ಲ. ಕಮಲಾಪುರದ ಬದುವನ್ನೂ ಅಗೆದು ಸಮ ಮಾಡಿದ್ದರು. ನಮ್ಮ ಹಿತ್ತಲ ಗೋಡೆಗೆ ಈಗ ಸಿಮೆಂಟು, ಅದಕ್ಕೆ ಸಗಣಿ ಹಿಡಿಯುವುದಿಲ್ಲ.

ಈಗ ಬಂಡಿಯ ತುಂಬ ಟಮಾಟಿ, ವರ್ಷಪೂರ್ತಿ. ಒಂದೇ ಅಳತೆ, ಒಂದೇ ಬಣ್ಣ, ಕೆಳಗೆ ಬಿದ್ದರೆ ಒಡೆಯುವುದಿಲ್ಲ. ನಾನು ಒಂದೊಂದನ್ನೇ ತೊಟ್ಟಿನ ಹತ್ತಿರ ಮೂಸುತ್ತೇನೆ. "ಅಮ್ಮಾ, ಅದೇನು ಹೂವೇನ್ರಿ ಮೂಸಾಕ?" ಎಂದು ಮಾರುವವನು ನಗುತ್ತಾನೆ. ನಗಲಿ. ಆ ಹಣ್ಣು ನೂರರಲ್ಲಿ ಒಂದಿದ್ದರೂ ನಾನು ಈಗಲೂ ಕಣ್ಣು ಮುಚ್ಚಿ ಎತ್ತಿ ತೋರಿಸಬಲ್ಲೆ.

ಮನೆಯಲ್ಲಿ ಸೊಸೆಯಂದಿರು ಸಾರು ಮಾಡುತ್ತಾರೆ. ಚೆನ್ನಾಗಿ ಆಗಿದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಉಪ್ಪು ಒಂದು ಹರಳು ಕಮ್ಮಿ ಆಗಿದೆ ಎಂದು ತಪ್ಪು ತೆಗೆಯುವಂಥ ಸಾರನ್ನು ನಾನು ಉಂಡು ಬಹಳ ವರ್ಷವಾಯಿತು.